ಊರಿನ ಪಹಣಿಯೂ ಮುಂಬಯಿಯ ಸಹಿಯೂ

ರೈತ ಕುಟುಂಬಗಳಿಗೆ ವರ್ಷಕ್ಕೆ 6,000 ರೂಪಾಯಿಗಳನ್ನು ಎರಡೆರಡು ಸಾವಿರದ ಮೂರು ಕಂತುಗಳಲ್ಲಿ ಬ್ಯಾಂಕಿನ ಖಾತೆಗೇ ಸಲ್ಲಿಸುವ ಕೇಂದ್ರ ಸರಕಾರದ ಕಿಸಾನ್ ಸಮ್ಮಾನ್ ನಿಧಿಯು 2019ರ ಫೆಬ್ರವರಿ 24ರಂದು ಗೋರಖಪುರದಲ್ಲಿ ಉದ್ಘಾಟಿತವಾದುದು ವಾಚಕ ಬಂಧುಗಳಿಗೆ ವಿದಿತವೇ ಇದೆ. ಕರ್ನಾಟಕ ಸರಕಾರವು ಅದೇ ವರ್ಷ ಇದಕ್ಕೆ ಕೂಡಿಸಿದ 4,000 ರೂಪಾಯಿ 2023ರಲ್ಲಿ ನಿಂತುಹೋಯಿತು. ಉಳಿದ ಆರು ಸಾವಿರವು ಮುಂಬಯಿಯ ಲೆಕ್ಕದಲ್ಲಿ ಅಲ್ಪವೆನಿಸೀತು. ಮುಂಗಾರಿಗೆ ಮುನ್ನ ಬೀಜಗೊಬ್ಬರಕ್ಕಾಗಿ ಕೈಸಾಲ ಹುಡುಕುವ ಊರಿನ ತಾಯಿಗೆ ಅದು ಅಲ್ಪವಲ್ಲ.

ಈ ಹಣವು ಬೆವರನ್ನು ನೋಡಿ ಬರುವುದಿಲ್ಲ. ಪಹಣಿಯನ್ನು ನೋಡಿ ಬರುತ್ತದೆ. ಅದರಲ್ಲಿ ಹೆಸರಿಲ್ಲದವನು ದಿನವಿಡೀ ಕೆಸರಿನಲ್ಲಿ ನಿಂತರೂ ಈ ಯೋಜನೆಯ ಲೆಕ್ಕಕ್ಕೆ ಸೇರುವುದಿಲ್ಲ.

ದಕ್ಷಿಣ ಕನ್ನಡ, ಉಡುಪಿಯ ಕಡೆಯ ಬಂಧುಗಳು ಇದನ್ನು ವಿಶೇಷವಾಗಿ ಯೋಚಿಸಬೇಕು. 'ಉಳುವವನೇ ಹೊಲದೊಡೆಯ' ಎಂಬ ತತ್ತ್ವದ ಮೇಲೆ ದೇವರಾಜ ಅರಸರ ಸರಕಾರವು 1974ರಲ್ಲಿ ಭೂಸುಧಾರಣೆಯನ್ನು ಜಾರಿಗೆ ತಂದಾಗ ಡಿಕ್ಲರೇಷನ್ ಕೊಟ್ಟು ಗೇಣಿಯ ಗದ್ದೆಗೆ ಒಡೆಯರಾದವರ ಎಷ್ಟೋ ಮಂದಿ ಮಕ್ಕಳು, ಮೊಮ್ಮಕ್ಕಳು ಇಂದು ಅಂಧೇರಿ, ಘಾಟ್ಕೋಪರಗಳ ಹೊಟೇಲುಗಳಲ್ಲಿ ದುಡಿಯುತ್ತಿದ್ದಾರೆ. ಅಜ್ಜನು ಉಳುತ್ತಿದ್ದನೆಂಬ ಕಾರಣಕ್ಕೆ ದೊರೆತ ಗದ್ದೆಯನ್ನು ಈಗ ಉಳುವವರಾರು? ಊರಿನಲ್ಲುಳಿದ ತಮ್ಮ, ಗಂಡನನ್ನು ಕಳೆದುಕೊಂಡ ಅಕ್ಕ, ಇಲ್ಲವೆ ಬಾಯಿಮಾತಿನ ಗೇಣಿಯ ನೆರೆಯವನು. ಗೇಣಿಯನ್ನೇ ಕಾನೂನು ನಿಷೇಧಿಸಿರುವುದರಿಂದ ಆ ನೆರೆಯವನ ಕೈಯಲ್ಲಿ ಒಂದು ಚೀಟಿಯೂ ಇಲ್ಲ.

ಪಹಣಿಯು ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಉಳಿದಿದ್ದರೆ ಹಣವು ಯಾರಿಗೂ ಬಾರದು. ಇದಕ್ಕೆ ಪರಿಹಾರವಿದೆ. 2019ರ ಫೆಬ್ರವರಿ 1ರಂದು ಭೂಮಿ ಹೊಂದಿದ್ದವರಿಗೇ ನೆರವೆಂದು ನಿಯಮವಿದ್ದರೂ, ಒಡೆಯನ ಮರಣದಿಂದ ವಾರಸುದಾರರಿಗೆ ಬಂದ ಭೂಮಿಗೆ ವಿನಾಯಿತಿಯುಂಟು. ಮರಣಪತ್ರ, ವಂಶವೃಕ್ಷಗಳನ್ನಿತ್ತು ಪೌತಿ ಖಾತೆ ಮಾಡಿಸಬೇಕು. ಪಾಲಾಗಬೇಕಿದ್ದರೆ ಪಾಲುದಾರರೆಲ್ಲರ ಸಹಿ ಬೇಕು. ಆ ಸಹಿಗಳಲ್ಲೊಂದು ಮುಂಬಯಿಯಲ್ಲಿರುತ್ತದೆ! "ಬರುವ ಮೇ ತಿಂಗಳಲ್ಲಿ ನೋಡೋಣ" ಎಂಬ ಮಾತಿನಲ್ಲೇ ವರ್ಷಗಳು ಕಳೆಯುತ್ತವೆ. ಆಧಾರ್ ಗುರುತಿನ ದೃಢೀಕರಣದಲ್ಲಿಯೂ ಇದೇ ತೊಡಕು. ತಾಯಿಯ ಆಧಾರಿಗೆ ಮಗನ ಮೊಬೈಲನ್ನು ಜೋಡಿಸಿದ್ದರೆ ಗುಪ್ತ ಅಂಕಿಯು ಇಲ್ಲಿಗೆ ಬರುತ್ತದೆ. ಮಗನು ಗಿರಾಕಿಗಳ ನಡುವೆ ಫೋನೆತ್ತದಿದ್ದರೆ ತಾಯಿಯು ಕಾದು ಕುಳಿತು ಮರಳಬೇಕು. ಬೆರಳಚ್ಚಿನಿಂದಲೂ ಈ ಕೆಲಸ ಆಗುತ್ತದೆಂಬುದನ್ನು ಆಕೆಗೆ ತಿಳಿಸಿರಿ.

ಗುಮಾಸ್ತ ಮಿತ್ರರಿಗೊಂದು ಮಾತು. ಆದಾಯ ತೆರಿಗೆ ಕಟ್ಟಿದವರ ಕುಟುಂಬಕ್ಕೆ ಈ ಹಣ ಸಲ್ಲದು. ಕುಟುಂಬವೆಂದರೆ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು. ಅನರ್ಹರಿಗೆ ಸಂದ ಹಣವನ್ನು ಸರಕಾರವು ಮರಳಿ ವಸೂಲು ಮಾಡುತ್ತಿದೆ. ಕೇಳುವ ಮೊದಲೇ ಹಿಂತಿರುಗಿಸುವುದು ಮರ್ಯಾದೆ.

ಉಳುವವನಿಗೇ ನೆರವು ತಲುಪುವಂತೆ ಸರಕಾರವು ನಿಯಮವನ್ನು ತಿದ್ದಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಅದಾಗುವವರೆಗೆ ನಮ್ಮ ಕೈಲಾದುದನ್ನು ನಾವು ಮಾಡೋಣ. ಊರಿಗೆ ಹೋದಾಗ ನಾಡಕಚೇರಿಗಾಗಿ ಒಂದು ದಿನವನ್ನು ತೆಗೆದಿಡಿರಿ. ಸಹಿ ಬಾಕಿಯಿದ್ದರೆ ಹಾಕಿರಿ. ಹಣವು ನಿಮ್ಮ ಖಾತೆಗೆ ಬೀಳುತ್ತಿದ್ದು ಗದ್ದೆಯನ್ನು ಬೇರೊಬ್ಬರು ಉಳುತ್ತಿದ್ದರೆ, ಆ ಎರಡು ಸಾವಿರವನ್ನು ಅವರಿಗೆ ತಲುಪಿಸಿರಿ. ಅಜ್ಜನಿಗೆ ಗದ್ದೆ ಸಿಕ್ಕಿದುದು ಅದೇ ನ್ಯಾಯದಿಂದ.