ನೆಟ್ ಬಂದ ಮೇಲೆ ಶುರುವಾಗುವ ಕೆಲಸ: ಸಣ್ಣ ಆಫೀಸಿಗೆ ವೈಫೈ ಹಾಕುವುದು ಹೇಗೆ?

ಇಂಜಿನಿಯರಿಂಗ್ ಸೇರಿದ ಮೇಲೆ ನಮ್ಮ ಬ್ರಾಂಚ್ ಯಾವುದು ಅನ್ನೋದು ನೆಂಟರಿಗೆ ಲೆಕ್ಕಕ್ಕೇ ಇಲ್ಲ. ಸಿವಿಲ್ ಆಗ್ಲಿ, ಮೆಕ್ಯಾನಿಕಲ್ ಆಗ್ಲಿ, ಪ್ರಿಂಟರ್ ಕೆಟ್ಟರೂ ನಾವೇ, ವೈಫೈ ಬರ್ಲಿಲ್ಲ ಅಂದ್ರೂ ನಾವೇ. ಮನೆಯ ರೂಟರ್ ಆದರೆ ಒಂದ್ಸಲ ಆಫ್ ಮಾಡಿ ಆನ್ ಮಾಡಿದರೆ ಅರ್ಧ ಸಮಸ್ಯೆ ಹೋಗುತ್ತೆ. ಆದರೆ ಮಾವನ ಆಫೀಸಿಗೋ, ಪರಿಚಯದವರ ಕ್ಲಿನಿಕ್ಕಿಗೋ "ಒಂದು ರೂಟರ್ ಹಾಕಿಕೊಡಪ್ಪ" ಅಂತ ಕರೆದಾಗ ವಿಷಯ ಬೇರೆ. ಅಲ್ಲಿ ಇರೋದು ಬೇರೆಯವರ ದುಡ್ಡು, ಬೇರೆಯವರ ಕಾಗದಪತ್ರ.

ಈ ಲೇಖನಕ್ಕೆ ಒಂದು ಆಡಿಟರ್ ಆಫೀಸನ್ನೇ ಉದಾಹರಣೆಯಾಗಿ ತಗೊಳ್ಳೋಣ. ಕಾಂಪ್ಲೆಕ್ಸ್‌ನ ಮೊದಲ ಮಹಡಿ, ಎರಡು ಕೋಣೆ, ಮುಂದೆ ಕ್ಲೈಂಟ್‌ಗಳು ಕೂರೋ ಜಾಗ. ಆರು ಕಂಪ್ಯೂಟರ್, ಒಂದು ಪ್ರಿಂಟರ್, ಒಂದೆರಡು ಸಿಸಿಟಿವಿ ಕ್ಯಾಮೆರಾ, ಎಲ್ಲರ ಕೈಯಲ್ಲೂ ಫೋನ್. ಒಂದು ಕಂಪ್ಯೂಟರ್‌ನ ಶೇರ್ಡ್ ಫೋಲ್ಡರ್‌ನಲ್ಲಿ ನೂರಾರು ಜನರ ಪ್ಯಾನ್ ಕಾರ್ಡ್, ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್ ಇರುತ್ತೆ. ಇಲ್ಲಿ ರೂಟರ್ ಹಾಕಿ, ಯೂಟ್ಯೂಬ್ ಓಡ್ತು ಅಂತ ಚಹಾ ಕುಡಿದು ಎದ್ದು ಬರೋದು ಸುಲಭ. ಆದರೆ ಆ ಫೋಲ್ಡರ್ ತನಕ ಯಾರು ಹೋಗಬಹುದು, ಯಾರು ಹೋಗಬಾರದು ಅನ್ನೋದು ತೀರ್ಮಾನ ಆಗೋದು ಅದರ ನಂತರದ ಅರ್ಧ ಗಂಟೆಯಲ್ಲಿ.

ಮೊದಲು ಡಬ್ಬಿಗಳ ಪರಿಚಯ

ಫೈಬರ್ ಸಂಪರ್ಕ ಇದ್ದರೆ ಇಂಟರ್ನೆಟ್ ಕಂಪನಿಯವರು ಒಂದು ಡಬ್ಬಿ ಕೊಟ್ಟಿರ್ತಾರೆ. ಅದರ ಹೆಸರು ಓಎನ್‌ಟಿ. ಬೆಳಕಿನ ಸಿಗ್ನಲ್ಲನ್ನು ವಿದ್ಯುತ್ ಸಿಗ್ನಲ್ ಮಾಡೋದು ಅದರ ಕೆಲಸ. ಈಗಿನ ಹೆಚ್ಚಿನ ಓಎನ್‌ಟಿಗಳಲ್ಲಿ ರೂಟರ್, ವೈಫೈ ಎರಡೂ ಒಳಗೇ ಇರುತ್ತೆ. ಅದರ ಪಕ್ಕ ನಾವು ಇನ್ನೊಂದು ರೂಟರ್ ಇಟ್ಟರೆ ಒಂದೇ ಆಫೀಸಿಗೆ ಇಬ್ಬರು ಯಜಮಾನರು.

ಯಾಕೆ ಅಂತ ನೋಡೋಣ. ಆಫೀಸಿನ ಒಳಗಿನ ಮಷಿನ್‌ಗಳಿಗೆ 192.168 ಅಂತ ಶುರುವಾಗೋ ಖಾಸಗಿ ಅಡ್ರೆಸ್ ಇರುತ್ತೆ. ಇವು ಹೊರಗಿನ ಇಂಟರ್ನೆಟ್‌ನಲ್ಲಿ ನಡೆಯೋದಿಲ್ಲ. ಒಳಗಿನ ಅಡ್ರೆಸ್ಸನ್ನು ಹೊರಗಿನ ಅಡ್ರೆಸ್ಸಿಗೆ ಬದಲಾಯಿಸಿ, ಉತ್ತರ ಬಂದಾಗ ಸರಿಯಾದ ಮಷಿನ್‌ಗೆ ತಲುಪಿಸೋ ಕೆಲಸಕ್ಕೆ ನ್ಯಾಟ್ ಅಂತಾರೆ. ಎರಡು ರೂಟರ್ ಇದ್ದರೆ ಈ ಬದಲಾವಣೆ ಎರಡು ಸಲ ಆಗುತ್ತೆ. ವೆಬ್‌ಸೈಟ್, ಮೇಲ್, ರಿಟರ್ನ್ ಫೈಲಿಂಗ್ ಇದಕ್ಕೆಲ್ಲ ತೊಂದರೆ ಇಲ್ಲ. ಹೊರಗಿನಿಂದ ಒಳಗೆ ಬರಬೇಕಾದ ಸಂಪರ್ಕಗಳು ಮಾತ್ರ ದಾರಿ ತಪ್ಪುತ್ತವೆ. ಎರಡೂ ಡಬ್ಬಿಗಳು ಒಂದೇ 192.168.1 ಸರಣಿಯ ಅಡ್ರೆಸ್ ಹಂಚಿದರೆ ಗೊಂದಲ ಪೂರ್ತಿಯಾಗುತ್ತೆ.

ಇದಕ್ಕೆ ಒಳ್ಳೆ ದಾರಿ ಅಂದ್ರೆ ಓಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸೋದು. ಅದನ್ನು ಕಂಪನಿಯವರ ಕಡೆಯಿಂದಲೇ ಮಾಡಿಸಬೇಕಾಗಬಹುದು. ಆಗ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಇದ್ದರೆ ಅದನ್ನು ನಮ್ಮ ರೂಟರ್‌ನಲ್ಲಿ ಹಾಕಬೇಕು, ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಬ್ರಿಡ್ಜ್ ಆಗ್ಲಿಲ್ಲ ಅಂದ್ರೆ ಓಎನ್‌ಟಿಯ ವೈಫೈ ಆಫ್ ಮಾಡಿ, ನಮ್ಮ ರೂಟರ್‌ಗೆ 192.168.50.1 ತರಹದ ಬೇರೆ ಸರಣಿ ಕೊಡಿ. ಯಾವುದೇ ಆದ್ರೂ ಓಎನ್‌ಟಿಯಿಂದ ಬರೋ ಕೇಬಲ್ ನಮ್ಮ ರೂಟರ್‌ನ ವ್ಯಾನ್ ಪೋರ್ಟ್‌ಗೆ ಹೋಗ್ಬೇಕು. ಅದಕ್ಕೆ ಸಾಮಾನ್ಯವಾಗಿ ಬೇರೆ ಬಣ್ಣ ಇರುತ್ತೆ.

ಇನ್ನೊಂದು ಮಾತು. ಟೇಬಲ್ ಬಿಟ್ಟು ಅಲ್ಲಾಡದ ಮಷಿನ್‌ಗಳಿಗೆ ಆದಷ್ಟು ಕೇಬಲ್ಲೇ ಎಳೀರಿ. ಫೈಲ್ ಇಟ್ಟಿರೋ ಕಂಪ್ಯೂಟರ್, ಪ್ರಿಂಟರ್, ಸಿಸಿಟಿವಿ ರೆಕಾರ್ಡರ್ ಇವಕ್ಕೆ ವೈಫೈ ಯಾಕೆ ಬೇಕು? ಸಾಮಾನ್ಯ ಲ್ಯಾನ್ ಕೇಬಲ್ 100 ಮೀಟರ್ ತನಕ ನಡೆಯುತ್ತೆ. ಅವು ಕೇಬಲ್‌ಗೆ ಹೋದಷ್ಟೂ ಗಾಳಿಯಲ್ಲಿ ಫೋನ್, ಲ್ಯಾಪ್‌ಟಾಪ್‌ಗಳಿಗೆ ಜಾಗ ಸಿಗುತ್ತೆ.

ಎಲ್ಲಿ ಇಡೋದು?

ತೆರೆದ ಜಾಗದಲ್ಲಿ ದೂರ ಎರಡರಷ್ಟಾದರೆ ತಲುಪೋ ಪವರ್ ಕಾಲು ಭಾಗಕ್ಕೆ ಇಳಿಯುತ್ತೆ, ಅಂದ್ರೆ 6 ಡೆಸಿಬಲ್ ನಷ್ಟ. ನಡುವೆ ಗೋಡೆ ಬಂದರೆ ಇನ್ನೂ ಕಮ್ಮಿ. ಕಬ್ಬಿಣದ ಬೀರು ಬಂದರಂತೂ ಸಿಗ್ನಲ್ ತಿರುಗಿ ಹೋಗುತ್ತೆ. ಆದರೂ ಎಷ್ಟೋ ಆಫೀಸುಗಳಲ್ಲಿ ರೂಟರ್ ಇರೋದು ಕೇಬಲ್ ಒಳಗೆ ಬಂದ ಮೂಲೆಯಲ್ಲೇ, ಫೈಲ್ ಬೀರುವಿನ ಹಿಂದೆ. ಹತ್ತು ಮೀಟರ್ ಕೇಬಲ್ ಜಾಸ್ತಿ ತಗೊಂಡು, ಎಲ್ಲರಿಗೂ ಮಧ್ಯದ ಜಾಗದಲ್ಲಿ, ತಲೆಗಿಂತ ಎತ್ತರಕ್ಕೆ ಗೋಡೆಗೆ ಹಾಕಿ. ಮುಂದಿನ ಮಾಡೆಲ್‌ನ ದುಬಾರಿ ರೂಟರ್ ತಗೊಳ್ಳೋದಕ್ಕಿಂತ ಹೆಚ್ಚಿನ ಸಲ ಇದೇ ಸಹಾಯಕ್ಕೆ ಬರುತ್ತೆ.

ಆಂಟೆನಾ ಯಾವ ಕಡೆ ತಿರುಗಿಸೋದು ಅಂತ ಕೇಳಿದರೆ, ಉದ್ದಿನ ವಡೆ ನೆನಪಿಸಿಕೊಳ್ಳಿ. ಕಡ್ಡಿಯಂಥ ಆಂಟೆನಾದ ಸಿಗ್ನಲ್ ಅದರ ಸುತ್ತ ವಡೆಯ ಆಕಾರದಲ್ಲಿ ಹರಡುತ್ತೆ, ಆಂಟೆನಾ ಇರೋದು ವಡೆಯ ತೂತಿನಲ್ಲಿ. ಅಂದ್ರೆ ಅಕ್ಕಪಕ್ಕಕ್ಕೆ ಜಾಸ್ತಿ, ತುದಿ ತೋರಿಸೋ ದಿಕ್ಕಿಗೆ ಕಮ್ಮಿ. ಒಂದೇ ಮಹಡಿಯ ಆಫೀಸ್ ಆದ್ರೆ ಆಂಟೆನಾ ನೆಟ್ಟಗೆ ನಿಲ್ಲಿಸಿದರೆ ಸಾಕು.

ಇನ್ನು ಚಾನೆಲ್ ವಿಷಯ. 2.4 ಗಿಗಾಹರ್ಟ್ಸ್ ದೂರ ಹೋಗುತ್ತೆ, ಗೋಡೆಯನ್ನೂ ಸ್ವಲ್ಪ ಚೆನ್ನಾಗಿ ದಾಟುತ್ತೆ, ಆದರೆ ಅಲ್ಲಿ ಗಲಾಟೆ ಜಾಸ್ತಿ. ಚಾನೆಲ್‌ಗಳ ನಡುವೆ 5 ಮೆಗಾಹರ್ಟ್ಸ್ ಅಂತರ, ಒಂದು ಚಾನೆಲ್‌ನ ಅಗಲ 20 ಮೆಗಾಹರ್ಟ್ಸ್. ಹಾಗಾಗಿ ಒಂದರ ಮೇಲೊಂದು ಬೀಳದಂತೆ ಬಳಸಬಹುದಾದವು 1, 6, 11 ಮಾತ್ರ. ಅಕ್ಕಪಕ್ಕದ ಅಂಗಡಿಯವರು 1 ಮತ್ತು 6ರಲ್ಲಿ ಇದ್ದಾರೆ ಅಂತ ನಾವು 3 ಇಟ್ಟರೆ ಇಬ್ಬರಿಗೂ ತೊಂದರೆ, ನಮಗೂ ತೊಂದರೆ. ಒಂದೇ ಚಾನೆಲ್‌ನಲ್ಲಿ ಇರೋ ರೂಟರ್‌ಗಳು ಒಬ್ಬರ ಮಾತು ಇನ್ನೊಬ್ಬರು ಕೇಳಿಸಿಕೊಂಡು ಸರದಿಯಲ್ಲಿ ಮಾತಾಡ್ತವೆ. ಅರ್ಧಂಬರ್ಧ ಮೇಲೆ ಬಿದ್ದ ಚಾನೆಲ್ ಮಾತ್ರ ಬರೀ ಸದ್ದು. ಫೋನ್‌ನ ವೈಫೈ ಅನಲೈಸರ್ ಆ್ಯಪ್‌ನಲ್ಲಿ ನೋಡಿ, ಮೂರರಲ್ಲಿ ಕಮ್ಮಿ ರಶ್ ಇರೋದನ್ನು ಆರಿಸಿ. ಲ್ಯಾಪ್‌ಟಾಪ್‌ಗಳಿಗೆ 5 ಗಿಗಾಹರ್ಟ್ಸ್ ಕೊಡಿ. ಅದು ದೂರ ಹೋಗಲ್ಲ, ಆದರೆ ಚಾನೆಲ್ ಜಾಸ್ತಿ, ವೇಗ ಜಾಸ್ತಿ. ಎರಡು ಕೋಣೆಯ ಆಫೀಸಿಗೆ ಅಷ್ಟು ದೂರ ಸಾಕು.

ಫ್ಯಾಕ್ಟರಿಯಿಂದ ಬಂದ ಬೀಗ ಬದಲಾಯಿಸಿ

ರೂಟರ್‌ನ ಕೆಳಗಿನ ಸ್ಟಿಕ್ಕರ್‌ನಲ್ಲಿ ಲಾಗಿನ್ ಅಡ್ರೆಸ್ ಇರುತ್ತೆ, ಹೆಚ್ಚಾಗಿ 192.168.0.1 ಅಥವಾ 192.168.1.1. ಅಲ್ಲಿ ಕೇಳೋ ಅಡ್ಮಿನ್ ಪಾಸ್‌ವರ್ಡ್ ಮತ್ತು ವೈಫೈ ಪಾಸ್‌ವರ್ಡ್ ಎರಡೂ ಬೇರೆ ಬೇರೆ. ವೈಫೈ ಪಾಸ್‌ವರ್ಡ್ ಆಫೀಸಿನ ಬಾಗಿಲ ಕೀ ಆದ್ರೆ, ಅಡ್ಮಿನ್ ಪಾಸ್‌ವರ್ಡ್ ಬೀಗವನ್ನೇ ಬದಲಾಯಿಸೋ ಅಧಿಕಾರ. ಮೊದಲನೆಯದನ್ನು ಎಲ್ಲರೂ ಬದಲಾಯಿಸ್ತಾರೆ, ಎರಡನೆಯದನ್ನು ಮರೀತಾರೆ.

ಮರೆತರೆ ಏನಾಗುತ್ತೆ ಅನ್ನೋದಕ್ಕೆ 2016ರ ಮಿರಾಯ್ ಸಾಕ್ಷಿ. ಈ ಮಾಲ್‌ವೇರ್ ಇಂಟರ್ನೆಟ್‌ನಲ್ಲಿ ಸಿಕ್ಕ ಕ್ಯಾಮೆರಾ, ರೆಕಾರ್ಡರ್, ರೂಟರ್‌ಗಳ ಬಾಗಿಲು ತಟ್ಟಿ, ಸುಮಾರು 60 ಫ್ಯಾಕ್ಟರಿ ಯೂಸರ್‌ನೇಮ್ ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡ್ತಿತ್ತು. ದೊಡ್ಡ ಹ್ಯಾಕಿಂಗ್ ಏನೂ ಇಲ್ಲ, ಅಷ್ಟೇ. ಹಾಗೆ ಸಿಕ್ಕ ಲಕ್ಷಾಂತರ ಸಾಧನಗಳ ಬಲದಿಂದ ಆ ವರ್ಷದ ಅಕ್ಟೋಬರ್ 21ರಂದು ಡೈನ್ ಎಂಬ ಡಿಎನ್‌ಎಸ್ ಕಂಪನಿಯ ಮೇಲೆ ದಾಳಿ ಆಯ್ತು. ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ಸೈಟ್‌ಗಳೇ ಅಮೆರಿಕದ ಅನೇಕರಿಗೆ ಗಂಟೆಗಟ್ಟಲೆ ಸಿಗಲಿಲ್ಲ.

ಆದ್ದರಿಂದ ಲಾಗಿನ್ ಆದ ತಕ್ಷಣ ಮೂರು ಕೆಲಸ ಮಾಡಿ. ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ. ಫರ್ಮ್‌ವೇರ್ ಅಪ್‌ಡೇಟ್ ಮಾಡಿ. ಹೊರಗಿನ ಇಂಟರ್ನೆಟ್‌ನಿಂದ ರೂಟರ್ ಸೆಟ್ಟಿಂಗ್ಸ್ ತೆರೆಯೋ ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಇದೆಯಾ ನೋಡಿ. ಸಿಸಿಟಿವಿ ರೆಕಾರ್ಡರ್‌ನ ಫ್ಯಾಕ್ಟರಿ ಪಾಸ್‌ವರ್ಡ್ ಕೂಡ ಇದೇ ಏಟಿಗೆ ಬದಲಾಯಿಸಿಬಿಡಿ.

ಪಾಸ್‌ವರ್ಡ್‌ನ ಲೆಕ್ಕ

ನಮ್ಮ ಕಡೆ ಅತಿ ಜನಪ್ರಿಯ ವೈಫೈ ಪಾಸ್‌ವರ್ಡ್ ಯಾವುದು ಅಂದ್ರೆ ಓನರ್ ಮೊಬೈಲ್ ನಂಬರ್. ಹತ್ತು ಅಂಕಿ ಇದೆ, ಯಾರೂ ಊಹಿಸಲ್ಲ ಅನ್ನೋ ಧೈರ್ಯ. ಬೋರ್ಡ್ ಮೇಲೆ ಅದೇ ನಂಬರ್ ಬರೆದಿರ್ತಾರೆ ಅನ್ನೋದು ಬಿಡಿ, ಲೆಕ್ಕ ಹಾಕಿಯೇ ನೋಡೋಣ.

ಡಬ್ಲ್ಯುಪಿಎ2 ಬಳಸೋ ವೈಫೈಗೆ ಯಾವುದೋ ಫೋನ್ ಕನೆಕ್ಟ್ ಆಗುವಾಗ ನಡೆಯೋ ಮಾತುಕತೆಯನ್ನು ಹತ್ತಿರ ಇರೋ ಯಾರು ಬೇಕಾದ್ರೂ ರೆಕಾರ್ಡ್ ಮಾಡಬಹುದು. ಅದನ್ನು ಮನೆಗೆ ಒಯ್ದು ಒಂದೊಂದೇ ಪಾಸ್‌ವರ್ಡ್ ಹಾಕಿ ಪರೀಕ್ಷಿಸಬಹುದು. ರೂಟರ್‌ಗೆ ಇದು ಗೊತ್ತೂ ಆಗಲ್ಲ. ಒಂದು ಒಳ್ಳೆಯ ಗೇಮಿಂಗ್ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಸುಮಾರು 10 ಲಕ್ಷ ಪಾಸ್‌ವರ್ಡ್ ಪರೀಕ್ಷಿಸುತ್ತೆ. ನಮ್ಮ ಮೊಬೈಲ್ ನಂಬರ್‌ಗಳು 6, 7, 8, 9ರಿಂದ ಶುರುವಾಗ್ತವೆ, ಅಂದ್ರೆ ಒಟ್ಟು 400 ಕೋಟಿ ಸಾಧ್ಯತೆ. ಭಾಗಿಸಿ ನೋಡಿ, 4000 ಸೆಕೆಂಡ್. ಒಂದು ಗಂಟೆ ಏಳು ನಿಮಿಷದಲ್ಲಿ ಎಲ್ಲವೂ ಮುಗೀತು.

ಈಗ 2000 ಸಾಮಾನ್ಯ ಪದಗಳ ಪಟ್ಟಿಯಿಂದ, ಯೋಚಿಸದೆ ಚೀಟಿ ಎತ್ತಿದ ಹಾಗೆ, ಪದ ಆರಿಸಿ. ನಾಲ್ಕು ಪದಕ್ಕೆ ಇದೇ ವೇಗದಲ್ಲಿ ಸುಮಾರು ಆರು ತಿಂಗಳು. ಐದು ಪದಕ್ಕೆ ಸುಮಾರು 1000 ವರ್ಷ. ಹುಣಸೆ, ಬಸ್ಸು, ಚಾಪೆ, ಮಳೆ, ಕೊಡೆ ತರಹದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನೆನಪಿಡೋದೂ ಸುಲಭ. ಇದನ್ನೇ ಹಾಕಬೇಡಿ, ಈಗ ಎಲ್ಲರಿಗೂ ಗೊತ್ತಾಗಿದೆ. ಮಳೆ ಅಂದ ತಕ್ಷಣ ಕೊಡೆ ನೆನಪಾಗೋದೂ ಒಂದು ದೋಷವೇ, ಅದಕ್ಕೇ ಚೀಟಿ ಎತ್ತಿ ಅಂದಿದ್ದು.

ರೂಟರ್‌ನಲ್ಲಿ ಡಬ್ಲ್ಯುಪಿಎ3 ಇದ್ದರೆ ಅದನ್ನೇ ಇಡಿ. 2018ರಲ್ಲಿ ಬಂದ ಈ ವಿಧಾನದಲ್ಲಿ ಮನೆಗೆ ಒಯ್ದು ಊಹಿಸೋ ಆಟ ನಡೆಯಲ್ಲ. ಹಳೇ ಫೋನ್, ಪ್ರಿಂಟರ್ ಸೇರ್ಲಿಲ್ಲ ಅಂದ್ರೆ ಎರಡೂ ಸೇರಿದ ಮೋಡ್ ಇಡಿ. ಡಬ್ಲ್ಯುಪಿಎಸ್ ಆಫ್ ಮಾಡಿ. ಅದರ 8 ಅಂಕಿಯ ಪಿನ್ ಅನ್ನು ರೂಟರ್ ಎರಡು ತುಂಡು ಮಾಡಿ ಪರೀಕ್ಷಿಸುತ್ತೆ, ಕೊನೆಯ ಅಂಕಿ ಬರೀ ಚೆಕ್‌ಸಮ್. ಹಾಗಾಗಿ ಹತ್ತು ಕೋಟಿ ಇರಬೇಕಾದ ಸಾಧ್ಯತೆಗಳು 11,000ಕ್ಕೆ ಇಳೀತವೆ ಅನ್ನೋದು 2011ರಲ್ಲೇ ಬಯಲಾಗಿದೆ. ವೈಫೈ ಹೆಸರನ್ನು ಅಡಗಿಸೋದು, ಮ್ಯಾಕ್ ಅಡ್ರೆಸ್ ಫಿಲ್ಟರ್ ಹಾಕೋದು ಇವನ್ನು ನಂಬಿ ಕೂರಬೇಡಿ. ಎರಡೂ ಗಾಳಿಯಲ್ಲಿ ಬಹಿರಂಗವಾಗೇ ಓಡಾಡ್ತವೆ.

"ಸರ್, ವೈಫೈ ಪಾಸ್‌ವರ್ಡ್ ಏನು?"

ಕಾಯ್ತಾ ಕೂತ ಕ್ಲೈಂಟ್ ಹೀಗೆ ಕೇಳಿದಾಗ ಇಲ್ಲ ಅನ್ನೋಕೆ ಯಾರಿಗೂ ಮುಖ ಬರಲ್ಲ. ಕೊಟ್ಟರೆ ಅವರ ಫೋನ್, ಅದರಲ್ಲಿ ಇರಬಹುದಾದ ವೈರಸ್ ಸಮೇತ, ಶೇರ್ಡ್ ಫೋಲ್ಡರ್ ಇರೋ ಕಂಪ್ಯೂಟರ್‌ನ ಪಕ್ಕದಲ್ಲೇ ಕೂತ ಹಾಗೆ. ಅದಕ್ಕೇ ಗೆಸ್ಟ್ ನೆಟ್‌ವರ್ಕ್ ಇರೋದು. ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡಿ. ಲೋಕಲ್ ನೆಟ್‌ವರ್ಕ್‌ಗೆ ಪ್ರವೇಶ ಕೊಡೋ ಆಯ್ಕೆಯ ಟಿಕ್ ತೆಗೆಯಿರಿ. ಗೆಸ್ಟ್‌ಗೆ ಇಂಟರ್ನೆಟ್ ಸಿಗುತ್ತೆ, ಆಫೀಸಿನ ಮಷಿನ್‌ಗಳು ಸಿಗಲ್ಲ. ಸಿಬ್ಬಂದಿಯ ಸ್ವಂತ ಫೋನ್‌ಗಳನ್ನೂ ಇಲ್ಲೇ ಹಾಕಿ. ಆಗ ಆಫೀಸ್ ನೆಟ್‌ವರ್ಕ್‌ನಲ್ಲಿ ಉಳಿಯೋದು ಆಫೀಸಿನ ಮಷಿನ್‌ಗಳು ಮಾತ್ರ, ಆರ್ಟಿಕಲ್‌ಶಿಪ್ ಮುಗಿಸಿ ಹೋದವರ ಜೊತೆ ಪಾಸ್‌ವರ್ಡ್ ಹೋಗೋ ಸಮಸ್ಯೆಯೂ ಕಮ್ಮಿ.

ಪ್ರಿಂಟರ್‌ಗೆ ಒಂದು ಖಾಯಂ ಅಡ್ರೆಸ್ ಕೊಡಿ. ಅಡ್ರೆಸ್ ಹಂಚೋ ಡಿಎಚ್‌ಸಿಪಿ ಪ್ರತಿ ಸಲ ಅದೇ ನಂಬರ್ ಕೊಡುತ್ತೆ ಅಂತ ಖಾತ್ರಿ ಇಲ್ಲ. ನಂಬರ್ ಬದಲಾದ ದಿನ ಯಾವ ಕಂಪ್ಯೂಟರ್‌ನಿಂದಲೂ ಪ್ರಿಂಟ್ ಬರದೆ ಇರಬಹುದು. ಸೆಟ್ಟಿಂಗ್ಸ್‌ನ ಅಡ್ರೆಸ್ ರಿಸರ್ವೇಶನ್‌ನಲ್ಲಿ ಪ್ರಿಂಟರ್‌ನ ಮ್ಯಾಕ್ ಅಡ್ರೆಸ್ ಹಾಕಿದರೆ ಆ ನಂಬರ್ ಅದಕ್ಕೇ ಮೀಸಲು.

ಏಳುವ ಮೊದಲು

ನಾಲ್ಕು ಪರೀಕ್ಷೆ ಮಾಡಿ. ಒಂದು, ಗೆಸ್ಟ್ ವೈಫೈಗೆ ಲ್ಯಾಪ್‌ಟಾಪ್ ಸೇರಿಸಿ ಪ್ರಿಂಟರ್‌ನ ಅಡ್ರೆಸ್ ಪಿಂಗ್ ಮಾಡಿ. ಉತ್ತರ ಬರಬಾರದು. ಬಂದರೆ ಗೆಸ್ಟ್ ಅನ್ನೋದು ಹೆಸರಿಗೆ ಮಾತ್ರ. ರೂಟರ್ ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿದ್ದಾಗ ಕೆಲವು ಮಾಡೆಲ್‌ಗಳಲ್ಲಿ ಹೀಗಾಗುತ್ತೆ. ಎರಡು, ಮೂಲೆಯ ಟೇಬಲ್‌ನಲ್ಲಿ ಕೂತು ವೇಗ ನೋಡಿ. ಮೂರು, ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿ, ಎಲ್ಲ ತಾನಾಗೇ ವಾಪಸ್ ಬರುತ್ತಾ ನೋಡಿ. ರಿಟರ್ನ್ ಫೈಲ್ ಮಾಡೋ ಕೊನೇ ದಿನ ಕರೆಂಟ್ ಹೋಗದೆ ಇರುತ್ತಾ? ಅದಕ್ಕೇ ಓಎನ್‌ಟಿ, ರೂಟರ್ ಎರಡನ್ನೂ ಯುಪಿಎಸ್‌ಗೆ ಹಾಕಿ. ಒಂದಕ್ಕೆ ಮಾತ್ರ ಹಾಕಿದರೆ ಪ್ರಯೋಜನ ಇಲ್ಲ. ನಾಲ್ಕು, ಸೆಟ್ಟಿಂಗ್ಸ್‌ನ ಬ್ಯಾಕಪ್ ಫೈಲ್ ಆಫೀಸಿನ ಪೆನ್‌ಡ್ರೈವ್‌ನಲ್ಲಿ ಇಡಿ.

ಕೊನೆಗೆ ಅಡ್ಮಿನ್ ಪಾಸ್‌ವರ್ಡ್, ಎರಡೂ ವೈಫೈ ಪಾಸ್‌ವರ್ಡ್, ಇಂಟರ್ನೆಟ್ ಕಂಪನಿಯ ಯೂಸರ್‌ನೇಮ್, ಪ್ರಿಂಟರ್ ಅಡ್ರೆಸ್ ಎಲ್ಲ ಒಂದು ಹಾಳೆಯಲ್ಲಿ ಬರೆದು, ಕವರ್‌ಗೆ ಹಾಕಿ, ಓನರ್ ಕೈಗೆ ಕೊಟ್ಟು ಬೀರುವಿನಲ್ಲಿ ಇಡೋಕೆ ಹೇಳಿ. ನಮ್ಮ ಫೋನ್‌ನಲ್ಲಿ ಅದರ ಫೋಟೋ ಇರಬಾರದು. ನಾಳೆ ನಾವು ಕೆಲಸ ಸಿಕ್ಕಿ ಬೇರೆ ಊರಿಗೆ ಹೋಗಿರ್ತೀವಿ, ರೂಟರ್ ಅಲ್ಲೇ ಇರುತ್ತೆ. ಆ ಹಾಳೆ ಇದ್ದರೆ ಯಾರು ಬೇಕಾದ್ರೂ ಬಂದು ಸರಿ ಮಾಡಬಹುದು. ಇಲ್ಲದಿದ್ದರೆ ಬರೋವರು ರೀಸೆಟ್ ಬಟನ್ ಒತ್ತುತ್ತಾರೆ, ಫ್ಯಾಕ್ಟರಿಯ ಹಳೇ ಬೀಗ ವಾಪಸ್ ಬರುತ್ತೆ.