ಮೊಂಡು ಚಾಕುವಿನಲ್ಲಿ ಕಸಿ ಕೂರಲ್ಲ: ಕ್ಷೌರದ ಕತ್ತಿ ಕಲಿಸಿದ ಪಾಠ

ಮೂರು ವರ್ಷದ ಹಿಂದಿನ ಮಾತು. ಆ ಮಳೆಗಾಲದಲ್ಲಿ ಮೊದಲ ಸಲ ನನ್ನದೇ ನರ್ಸರಿಗೆ ಅಂತ 400 ಮಾವಿನ ಕಸಿ ಕಟ್ಟಿದ್ದೆ. ಅರ್ಧ ಮಲ್ಲಿಕಾ, ಅರ್ಧ ಬಾದಾಮಿ. ಪಕ್ಕದೂರಿನ ಇಬ್ಬರು ರೈತರು ಮುಂಗಡವನ್ನೂ ಕೊಟ್ಟಿದ್ದರು. ಒಂದೂವರೆ ತಿಂಗಳು ಬಿಟ್ಟು ಎಣಿಸಿದರೆ ಚಿಗುರಿದ್ದು ಬರೀ 130. ಉಳಿದ ಕಡ್ಡಿಗಳೆಲ್ಲ ಪ್ಲಾಸ್ಟಿಕ್ ಕವರ್ ಒಳಗೇ ಕಪ್ಪಾಗಿ ಒಣಗಿದ್ದವು. ಒಬ್ಬರಿಗೆ ಮುಂಗಡ ವಾಪಸ್ ಕೊಟ್ಟೆ. ಇನ್ನೊಬ್ಬರು "ಮುಂದಿನ ವರ್ಷ ಕೊಡು ಬಿಡಪ್ಪಾ" ಅಂದರು. ದುಡ್ಡಿಗಿಂತ ಆ ಮಾತೇ ಜಾಸ್ತಿ ಚುಚ್ಚಿತು.

ನಾನು ತೋಟಗಾರಿಕೆ ಪದವಿ ಓದಿದವನು. ಮೃದುಕಾಂಡ ಕಸಿಯ ಚಿತ್ರ ಬರೆದು ಅಂಕ ತಗೊಂಡವನು. ಹಾಗಾಗಿ ತಪ್ಪನ್ನು ಎಲ್ಲ ಕಡೆ ಹುಡುಕಿದೆ. ಕಡ್ಡಿ ಬಲಿತಿರಲಿಲ್ವಾ? ಮಳೆ ಜಾಸ್ತಿ ಆಯ್ತಾ? ಕಟ್ಟಿದ ಪಟ್ಟಿ ಸಡಿಲ ಆಯ್ತಾ? ಕೈಯಲ್ಲಿದ್ದ ಚಾಕುವನ್ನು ಮಾತ್ರ ನೋಡಲಿಲ್ಲ.

ಅದನ್ನು ನೋಡಿದ್ದು ನಮ್ಮೂರಿನ ಕಟಿಂಗ್ ಶಾಪಿನ ತಾತ. ಗಡ್ಡ ಮಾಡಿಸೋಕೆ ಹೋದವನು ಕಸಿ ಹೋದ ಕಥೆ ಹೇಳ್ತಾ ಜೇಬಿನಿಂದ ಚಾಕು ತೆಗೆದು ತೋರಿಸಿದೆ. ತಾತ ಅದನ್ನು ಬೆಳಕಿಗೆ ಹಿಡಿದು, ಮುಂಗೈ ಕೂದಲಿನ ಮೇಲೆ ಆಡಿಸಿ ನೋಡಿದರು. ಒಂದು ಕೂದಲೂ ಬರಲಿಲ್ಲ.

"ಇದರಲ್ಲಿ ಗಿಡ ಕೊಯ್ತೀಯಾ? ನಾನು ಇದನ್ನ ಹಿಡ್ಕೊಂಡು ಬಂದ್ರೆ ನೀನು ಕುರ್ಚಿ ಬಿಟ್ಟು ಓಡ್ತೀಯ. ಪಾಪ, ಗಿಡಕ್ಕೆ ಓಡೋಕೆ ಆಗಲ್ಲ" ಅಂದರು.

ಗಾಯ ನುಣುಪಾಗಿದ್ದರೆ ಮಾತ್ರ ಬೆಸುಗೆ

ಕಸಿಯಲ್ಲಿ ನಾವು ಮಾಡೋದು ಇಷ್ಟೇ. ತೊಗಟೆಗೂ ಕಟ್ಟಿಗೆಗೂ ನಡುವೆ ಕ್ಯಾಂಬಿಯಂ ಅನ್ನೋ ತೆಳು ಪದರ ಇದೆ. ಬೇರುಸಸಿಯ ಕ್ಯಾಂಬಿಯಂಗೆ ಕಸಿಕಡ್ಡಿಯ ಕ್ಯಾಂಬಿಯಂ ತಾಗುವ ಹಾಗೆ ಕೂರಿಸಿ ಬಿಗಿಯಾಗಿ ಕಟ್ಟುತ್ತೀವಿ. ಎರಡೂ ಕಡೆಯಿಂದ ಹೊಸ ಜೀವಕೋಶಗಳು ಬೆಳೆದು ಬೆಸೆದುಕೊಂಡರೆ ಕಸಿ ಹಿಡಿಯಿತು ಅಂತ ಅರ್ಥ.

ಹರಿತವಾದ ಚಾಕು ಈ ಪದರವನ್ನು ಕೊಯ್ಯುತ್ತೆ. ಮೊಂಡು ಚಾಕು ಜಜ್ಜುತ್ತೆ. ಜಜ್ಜಿದ ಕೋಶಗಳು ಸಾಯುತ್ತವೆ, ಅಲ್ಲಿಂದ ಕೊಳೆ ಶುರು ಆಗುತ್ತೆ. ಇನ್ನೊಂದು ತೊಂದರೆಯೂ ಇದೆ. ಮೊಂಡು ಚಾಕು ಒಂದೇ ಎಳೆತಕ್ಕೆ ಕೊಯ್ಯಲ್ಲ, ಎರಡು ಮೂರು ಸಲ ಕೆರೆಯಬೇಕಾಗುತ್ತೆ. ಆಗ ಕೊಯ್ದ ಮುಖ ಅಂಕುಡೊಂಕಾಗುತ್ತೆ. ಅಂಥ ಎರಡು ಮುಖ ಜೋಡಿಸಿದರೆ ನಡುವೆ ಸಂದು ಉಳಿಯುತ್ತೆ. ಮೇಲೆ ಎಷ್ಟು ಬಿಗಿಯಾಗಿ ಪಟ್ಟಿ ಸುತ್ತಿದರೂ ಒಳಗಿನ ಸಂದು ಮುಚ್ಚಲ್ಲ.

ತಾತನ ಕತ್ತಿ

ಗಿರಾಕಿಗಳಿಗೆಲ್ಲ ತಾತ ಈಗ ಬ್ಲೇಡ್ ಬದಲಾಯಿಸುವ ಕತ್ತಿಯನ್ನೇ ಬಳಸೋದು. ತಮ್ಮ ಗಡ್ಡಕ್ಕೆ ಮಾತ್ರ ಅಪ್ಪನ ಕಾಲದ ಮಡಿಚುವ ಕತ್ತಿ ಇಟ್ಟುಕೊಂಡಿದ್ದಾರೆ. ಅದರ ಬುಡದಲ್ಲಿ ಜರ್ಮನಿಯ ಜೋಲಿಂಗನ್ ಊರಿನ ಗುರುತಿದೆ. ಚಾಕು, ಕತ್ತಿಗಳಿಗೆ ಆ ಊರು ಬಹಳ ಹಿಂದಿನಿಂದ ಹೆಸರುವಾಸಿ.

ಮರುದಿನ ಬೆಳಗ್ಗೆ ಅಂಗಡಿ ತೆಗೆಯೋಕೆ ಮುಂಚೆ ಮಸೆಯೋದನ್ನು ತೋರಿಸಿದರು. ಒದ್ದೆ ಕಲ್ಲಿನ ಮೇಲೆ ಕತ್ತಿಯ ಬೆನ್ನು, ಬಾಯಿ ಎರಡೂ ತಾಗುವ ಹಾಗೆ ಮಲಗಿಸಿದರು. ಬಾಯಿ ಮುಂದೆ ಮಾಡಿ ತಳ್ಳಿದರು. ಕೊನೆಯಲ್ಲಿ ಬೆನ್ನಿನ ಮೇಲೆ ಹೊರಳಿಸಿ, ಮತ್ತೆ ಬಾಯಿ ಮುಂದೆ ಮಾಡಿ ಎಳೆದುಕೊಂಡರು. ಕ್ಷೌರದ ಕತ್ತಿಯ ಬೆನ್ನು ದಪ್ಪಗಿರೋದೇ ಇದಕ್ಕೆ. ಬೆನ್ನು ಕಲ್ಲಿಗೆ ತಾಗಿದ್ದರೆ ಕೋನ ತಾನಾಗೇ ಸರಿಯಾಗಿರುತ್ತೆ.

ಆಮೇಲೆ ಚರ್ಮದ ಪಟ್ಟಿ. ಅಲ್ಲಿ ಉಲ್ಟಾ: ಬೆನ್ನು ಮುಂದೆ, ಬಾಯಿ ಹಿಂದೆ. ಬಾಯಿ ಮುಂದೆ ಮಾಡಿದರೆ ಚರ್ಮ ಸೀಳುತ್ತೆ, ಹರಿತವೂ ಹೋಗುತ್ತೆ.

ನಾನು ಕೈಗೆ ತಗೊಂಡು ಒತ್ತಿ ಉಜ್ಜಿದೆ. ತಾತ ಮಣಿಕಟ್ಟು ಹಿಡಿದು ನಿಲ್ಲಿಸಿದರು. "ಬಲ ಹಾಕ್ಬೇಡಪ್ಪಾ. ಕತ್ತಿ ಅದರ ಭಾರಕ್ಕೆ ಅದೇ ಹೋಗ್ಬೇಕು." ಅವತ್ತು ಕಲಿತದ್ದರಲ್ಲಿ ಇದೇ ದೊಡ್ಡ ಪಾಠ.

ನನ್ನ ಚಾಕುವಿನ ತುದಿ ನೀಲಿ ಬಣ್ಣಕ್ಕೆ ತಿರುಗಿದ್ದನ್ನೂ ಅವರೇ ತೋರಿಸಿದ್ದು. ಬೇಗ ಹರಿತ ಆಗಲಿ ಅಂತ ನಾನೇ ಅದನ್ನು ಗ್ರೈಂಡರ್‌ಗೆ ಹಿಡಿದಿದ್ದೆ. ಬಿಸಿಗೆ ಉಕ್ಕಿನ ಹದ ಹೋಗಿತ್ತು. ಹದ ಹೋದ ಉಕ್ಕು ಎಷ್ಟು ಮಸೆದರೂ ನಾಲ್ಕು ಕಡ್ಡಿ ಕೊಯ್ಯುವಷ್ಟರಲ್ಲಿ ಮೊಂಡಾಗುತ್ತೆ. ಆ ಚಾಕುವನ್ನು ಗೋಣಿಚೀಲದ ದಾರ ಕೊಯ್ಯೋಕೆ ಇಟ್ಟುಕೊಂಡು, ಹೊಸದು ತಂದೆ. ಗೆಳೆಯರೇ, ಕಸಿ ಚಾಕುವನ್ನು ಗ್ರೈಂಡರ್‌ಗೆ ಹಿಡಿಯಲೇಬೇಡಿ.

ಮನೆಯಲ್ಲೇ ಮಸೆಯೋದು ಹೇಗೆ

ಬೇಕಾಗಿರೋದು ಒಂದು ಕಡೆ 1000, ಇನ್ನೊಂದು ಕಡೆ 6000 ಗ್ರಿಟ್ ಇರುವ ನೀರಿನ ಕಲ್ಲು. ಸಂಖ್ಯೆ ಹೆಚ್ಚಾದಷ್ಟು ಕಲ್ಲು ನುಣುಪು. ಆನ್‌ಲೈನ್‌ನಲ್ಲಿ ಸಿಗುತ್ತೆ, ನನ್ನದಕ್ಕೆ ಸಾವಿರದ ಚಿಲ್ಲರೆ ಆಯ್ತು. ಕುಡುಗೋಲು ಮಸೆಯುವ ಒರಟು ಕಲ್ಲು ಇದಕ್ಕೆ ಆಗಲ್ಲ. ಜೊತೆಗೆ ಹಳೇ ಚರ್ಮದ ಬೆಲ್ಟ್ ಒಂದನ್ನು ಹಲಗೆಗೆ ಅಂಟಿಸಿಕೊಳ್ಳಿ. ರೆಕ್ಸಿನ್ ಬೆಲ್ಟ್ ಬೇಡ, ನಿಜವಾದ ಚರ್ಮವೇ ಬೇಕು.

ಮೊದಲು ನಿಮ್ಮ ಚಾಕು ನೋಡಿ. ಕಸಿ ಚಾಕುಗಳಲ್ಲಿ ಹೆಚ್ಚಿನವು ಒಂದೇ ಕಡೆ ಇಳಿಜಾರು, ಇನ್ನೊಂದು ಕಡೆ ಚಪ್ಪಟೆ. ಕಡ್ಡಿಯನ್ನು ಸಪಾಟಾಗಿ ಕೊಯ್ಯಲಿ ಅಂತಲೇ ಹಾಗೆ ಮಾಡಿರೋದು. ಎರಡೂ ಕಡೆ ಒಂದೇ ಥರ ಮಸೆದರೆ ಆ ಅನುಕೂಲವೇ ಹೋಗುತ್ತೆ. ಎಡಗೈಯಲ್ಲಿ ಕೆಲಸ ಮಾಡುವವರು ಎಡಗೈ ಚಾಕುವನ್ನೇ ಕೇಳಿ ತಗೊಳ್ಳಿ.

1. ಕಲ್ಲನ್ನು 10-15 ನಿಮಿಷ ನೀರಲ್ಲಿ ನೆನೆಸಿ. ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಇಡಿ, ಜಾರಲ್ಲ.

2. ಇಳಿಜಾರು ಇರುವ ಕಡೆ ಸ್ಕೆಚ್ ಪೆನ್‌ನಿಂದ ಬಣ್ಣ ಹಚ್ಚಿ. 1000 ಕಲ್ಲಿನ ಮೇಲೆ ಆ ಇಳಿಜಾರು ಪೂರ್ತಿ ಕೂರುವ ಹಾಗೆ ಇಟ್ಟು ಎರಡು ಸಲ ತಳ್ಳಿ ನೋಡಿ. ಬಣ್ಣ ಎಲ್ಲ ಕಡೆ ಸಮನಾಗಿ ಹೋದರೆ ಕೋನ ಸರಿ ಇದೆ. ಮೇಲ್ಭಾಗದಲ್ಲಿ ಮಾತ್ರ ಹೋದರೆ ಬೆನ್ನನ್ನು ಸ್ವಲ್ಪ ಎತ್ತಿ. ಬಾಯಿ ಅಂಚಿನಲ್ಲಿ ಮಾತ್ರ ಹೋದರೆ ಸ್ವಲ್ಪ ಇಳಿಸಿ. ಕ್ಷೌರದ ಕತ್ತಿಗೆ ಬೆನ್ನೇ ಕೋನ ಕಾಯುತ್ತೆ, ಇಲ್ಲಿ ನಿಮ್ಮ ಕೈ ಕಾಯಬೇಕು.

3. ಬಾಯಿ ಮುಂದೆ ಮಾಡಿ ನಿಧಾನವಾಗಿ ತಳ್ಳುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಚಪ್ಪಟೆ ಕಡೆಯ ಅಂಚಿನಲ್ಲಿ ಕೂದಲೆಳೆಯಷ್ಟು ಒರಟು ಏಳುತ್ತೆ. ಬೆರಳನ್ನು ಬೆನ್ನಿನ ಕಡೆಯಿಂದ ಅಂಚಿನಾಚೆಗೆ ಸವರಿದರೆ ತಿಳಿಯುತ್ತೆ. ಅಂಚಿನ ಉದ್ದಕ್ಕೂ ಯಾವತ್ತೂ ಬೆರಳು ಎಳೆಯಬೇಡಿ. ಬುಡದಿಂದ ತುದಿವರೆಗೆ ಈ ಒರಟು ಬಂದರೆ ಮಾತ್ರ ಮುಂದಿನ ಹಂತ.

4. ಚಾಕು ತಿರುಗಿಸಿ, ಚಪ್ಪಟೆ ಕಡೆಯನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸಿ ಹಗುರವಾಗಿ ಎರಡು ಮೂರು ಸಲ ಉಜ್ಜಿ. ಬೆನ್ನು ಎತ್ತಬೇಡಿ.

5. ಈಗ 6000 ಕಡೆ. ಇಳಿಜಾರನ್ನು ಸುಮಾರು 20 ಸಲ, ಚಪ್ಪಟೆಯನ್ನು ಎರಡು ಸಲ. ಕೈಭಾರ ಕಮ್ಮಿ ಮಾಡುತ್ತಾ ಬನ್ನಿ. ಒರಟು ಪೂರ್ತಿ ಹೋಗಬೇಕು.

6. ಕೊನೆಗೆ ಚರ್ಮದ ಮೇಲೆ ಬೆನ್ನು ಮುಂದೆ ಮಾಡಿ, ಎರಡೂ ಕಡೆ 20-30 ಸಲ ಎಳೆಯಿರಿ.

ಬಳಸುತ್ತಾ ಕಲ್ಲಿನ ನಡುಭಾಗ ಸವೆದು ಹಳ್ಳ ಬೀಳುತ್ತೆ. ಗಾಜಿನ ತುಂಡಿನ ಮೇಲೆ ನೀರು ತಾಳುವ ಸ್ಯಾಂಡ್‌ಪೇಪರ್ ಇಟ್ಟು ಕಲ್ಲನ್ನು ಉಜ್ಜಿ ಸಪಾಟು ಮಾಡಿಕೊಳ್ಳಿ.

ಹರಿತ ಆಯ್ತಾ? ಮೊಬೈಲ್ ಹೇಳುತ್ತೆ

ಚಾಕುವಿನ ಬಾಯಿಯನ್ನು ಬಲ್ಬಿನ ಬೆಳಕಿಗೆ ಹಿಡಿದು ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ. ಅಂಚಿನಲ್ಲಿ ಬಿಳಿ ಗೆರೆಯೋ ಚುಕ್ಕೆಯೋ ಹೊಳೆದರೆ ಅಲ್ಲಿ ಇನ್ನೂ ಮೊಂಡು. ನಿಜವಾಗಿ ಹರಿತವಾದ ಅಂಚು ಕಣ್ಣಿಗೆ ಕಾಣಲ್ಲ. ಆಮೇಲೆ ತಾತನ ಪರೀಕ್ಷೆ: ಮುಂಗೈ ಕೂದಲು ಹಗುರಕ್ಕೆ ಬರಬೇಕು. ಕೊನೆಯ ಪರೀಕ್ಷೆ ಮಾವಿನ ಎಳೆ ಕಡ್ಡಿಯದು. ಒಂದೇ ಎಳೆತಕ್ಕೆ ಕೊಯ್ದ ಮುಖ ಒದ್ದೆ ಗಾಜಿನ ಹಾಗೆ ಮಿನುಗಬೇಕು. ನಾರು ಎದ್ದಿದ್ದರೆ ಮತ್ತೆ ಕಲ್ಲಿಗೆ.

ಕಸಿ ಕಟ್ಟುವ ದಿನ ಚರ್ಮದ ಹಲಗೆ ಪಕ್ಕದಲ್ಲೇ ಇರಲಿ. ನಾನು 25 ಕಸಿಗೊಮ್ಮೆ ಹತ್ತು ಸಲ ಎಳೀತೀನಿ. ಮಾವಿನ ಸೊನೆ ಅಂಟಿದರೆ ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಒಂದು ಮರದ ಕಡ್ಡಿ ಮುಗಿಸಿ ಇನ್ನೊಂದು ಮರಕ್ಕೆ ಹೋಗುವಾಗಲೂ ಇದು ಕಡ್ಡಾಯ. ರೋಗ ಚಾಕುವಿನ ಜೊತೆಗೇ ಹೋಗುತ್ತೆ. ಸಂಜೆ ಒಣಗಿಸಿ, ಒಂದು ಹನಿ ಎಣ್ಣೆ ಸವರಿ ಇಡಿ. ಮುಂದೆ ಬಳಸುವಾಗ ಎಣ್ಣೆ ಒರೆಸೋದು ಮರೀಬೇಡಿ.

ಗಡ್ಡಕ್ಕೂ ಬಳಸಬೇಕು ಅನ್ನುವವರಿಗೆ

ಮನೆಯಲ್ಲಿ ಅಜ್ಜನ ಕಾಲದ ಕ್ಷೌರದ ಕತ್ತಿ ಇದ್ದರೆ ಅದನ್ನೂ ಹೀಗೇ ಹರಿತ ಮಾಡಬಹುದು. ಆದರೆ ಬೆನ್ನು ಕಲ್ಲಿಗೆ ತಾಗಿಸಿಯೇ, ಎರಡೂ ಕಡೆ ಸಮವಾಗಿ ಮಸೆಯಬೇಕು. 6000 ಸಾಲದು. 8000 ಅಥವಾ 12000 ಕಲ್ಲಿನಲ್ಲಿ ಮುಗಿಸಿದರೆ ಮಾತ್ರ ಚರ್ಮಕ್ಕೆ ಹಿತ. ಪ್ರತಿ ಸಲ ಗಡ್ಡಕ್ಕೆ ಮುಂಚೆ ಚರ್ಮದ ಪಟ್ಟಿಗೆ 50 ಸಲ ಎಳೆದು, ಬಿಸಿನೀರಲ್ಲಿ ಗಡ್ಡ ನೆನೆಸಿ, ಕತ್ತಿಯನ್ನು ಸುಮಾರು 30 ಡಿಗ್ರಿ ಓರೆಯಲ್ಲಿ ಹಿಡಿಯಿರಿ. ಒಂದು ಕತ್ತಿ ಒಬ್ಬರಿಗೇ. ಹೆಪಟೈಟಿಸ್ ಬಿ ಥರದ ಕಾಯಿಲೆ ರಕ್ತದಿಂದ ಹರಡುತ್ತೆ, ಅಣ್ಣತಮ್ಮ ಅಂತಲೂ ಹಂಚಿಕೊಳ್ಳಬೇಡಿ.

ಮರುವರ್ಷ

ಮುಂದಿನ ಮಳೆಗಾಲ 300 ಕಟ್ಟಿದೆ, 228 ಹಿಡಿದವು. ಎಲ್ಲಾ ಚಾಕುವಿನ ಪುಣ್ಯ ಅನ್ನಲ್ಲ. ಆ ಸಲ ಕಡ್ಡಿಗಳ ಎಲೆಯನ್ನು ಎಂಟು ಹತ್ತು ದಿನ ಮೊದಲೇ ಸವರಿ ಮೊಗ್ಗು ಉಬ್ಬಿಸಿಕೊಂಡಿದ್ದೆ, ನೆರಳನ್ನೂ ಸರಿ ಮಾಡಿದ್ದೆ. ಆದರೆ ಒಂದೇ ಎಳೆತಕ್ಕೆ ಬೆಣೆ ಸಿದ್ಧವಾಗಿ, ಸೀಳಿನಲ್ಲಿ ಸಂದಿಲ್ಲದೆ ಕೂತದ್ದು ಅದೇ ಮೊದಲು.

"ಮುಂದಿನ ವರ್ಷ ಕೊಡು" ಅಂದಿದ್ದ ರೈತರಿಗೆ ಅವರ ಗಿಡ ಮುಟ್ಟಿಸಿದೆ. ತಾತನಿಗೂ ಒಂದು ಮಲ್ಲಿಕಾ ಕೊಟ್ಟೆ. ಅವರು ಕಸಿ ಕೂಡಿದ ಜಾಗವನ್ನು ಹೆಬ್ಬೆರಳಲ್ಲಿ ಸವರಿ ನೋಡಿದರು. "ಹೂಂ, ಈ ಗಡ್ಡ ಚೆನ್ನಾಗಿ ಆಗಿದೆ" ಅಂದರು.

ಈ ಸಲ ಕಡ್ಡಿ ತರೋಕೆ ಹೊರಡುವ ಮುಂಚೆ ಚಾಕುವನ್ನು ಮುಂಗೈ ಮೇಲೆ ಒಂದು ಸಲ ಆಡಿಸಿ ನೋಡಿ. ಕೂದಲು ಬರದಿದ್ದರೆ ಕಡ್ಡಿ ಮರದಲ್ಲೇ ಇರಲಿ. ಮೊದಲು ಕಲ್ಲು ನೆನೆಸಿ.