ಬಣ್ಣದ ಕನಸಿಗೆ ಬಳೆ ಅಡವಿಡುವ ಮುನ್ನ...

‘ಅಮ್ಮಾ, ನಾನು ಸೀರಿಯಲ್‌ನಲ್ಲಿ ಆಕ್ಟ್ ಮಾಡ್ತೀನಿ. ಆಮೇಲೆ ಈ ಬಾಡಿಗೆ ಮನೆ, ಸಾಲದ ಕಂತು ಯಾವುದೂ ಇರಲ್ಲ!’

ಕಾಲೇಜಿಗೆ ಹೋಗುವ ಮಗಳು ಹೀಗೆಂದರೆ ಏನ್ ಹೇಳ್ತೀರಿ? ‘ಮೊದ್ಲು ಕನ್ನಡಿ ನೋಡ್ಕೋ’ ಅಂತ ಬಾಯಿ ಮುಚ್ಚಿಸ್ತೀರಾ? ಇಲ್ಲಾ, ಬಳೆ ಅಡವಿಟ್ಟು ಏಜೆಂಟ್ ಹತ್ತಿರ ಓಡ್ತೀರಾ? ಎರಡೂ ಬೇಡ.

ಅವಳದ್ದು ಬರೀ ಶೋಕಿ ಅಂದುಕೊಳ್ಳಬೇಡಿ. ತಿಂಗಳ ಕೊನೆಯಲ್ಲಿ ನೀವು ಡಬ್ಬಿಗಳ ತಳ ಕೆರೆಯುವುದನ್ನು ಅವಳೂ ನೋಡಿದ್ದಾಳೆ. ಆ ಕನಸಿನಲ್ಲಿ ಅವಳಷ್ಟೇ ಅಲ್ಲ, ನೀವೂ ಇದ್ದೀರಿ. ನಕ್ಕರೆ ಕನಸು ಸಾಯುವುದಿಲ್ಲ, ಗುಟ್ಟಾಗುತ್ತದೆ. ಮೋಸಗಾರರಿಗೆ ಬೇಕಿರುವುದೂ ಮನೆಯಲ್ಲಿ ಹೇಳದ ಹುಡುಗಿಯೇ!

‘ಬಸ್ ಕಂಡಕ್ಟರ್ ಸೂಪರ್‌ಸ್ಟಾರ್ ಆಗ್ಲಿಲ್ವಾ?’ ಎಂದು ಅವಳು ವಾದಿಸಬಹುದು. ಆದರು, ನಿಜ. ಆದರೆ ಬೆಂಗಳೂರಿನ ಬಸ್ಸಿಗೂ 1975ರ ‘ಅಪೂರ್ವ ರಾಗಂಗಳ್’ಗೂ ನಡುವೆ ರಜನಿಕಾಂತ್ ಮದರಾಸಿನ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಅಭಿನಯ ಕಲಿತರು. ನಮ್ಮ ಉಮಾಶ್ರೀ ‘ಗುಲಾಬಿ ಟಾಕೀಸ್’ಗೆ ರಾಷ್ಟ್ರಪ್ರಶಸ್ತಿ ಪಡೆದದ್ದು ವರ್ಷಗಟ್ಟಲೆ ನಾಟಕ, ಪುಟ್ಟ ಪಾತ್ರಗಳಲ್ಲಿ ಬೆವರು ಸುರಿಸಿದ ಮೇಲೆ. ಕಲಿಕೆಗೆ ಶಾರ್ಟ್‌ಕಟ್ ಇಲ್ಲ ಕಣ್ರೀ.

ಹಾಗಾದರೆ ಅಮ್ಮ ಏನು ಮಾಡಬೇಕು?

* ದುಡ್ಡು ಯಾವ ಕಡೆ ಹರಿಯುತ್ತಿದೆ ನೋಡಿ. ಕೆಲಸ ಕೊಡುವವರು ಸಂಭಾವನೆ ಕೊಡಬೇಕು. ‘ರಿಜಿಸ್ಟ್ರೇಷನ್ ಫೀ’, ‘ಪೋರ್ಟ್‌ಫೋಲಿಯೊ ಚಾರ್ಜ್’, ‘ರೋಲ್ ಫಿಕ್ಸ್ ಆಗಿದೆ, ಅಡ್ವಾನ್ಸ್ ಕಟ್ಟಿ’ ಎಂದರೆ ಎದ್ದು ಬನ್ನಿ.

* ಆಡಿಷನ್‌ಗೆ ಜೊತೆಯಲ್ಲಿ ಹೋಗಿ. ಹೋಟೆಲ್ ರೂಮು, ರಾತ್ರಿ ಹೊತ್ತು, ‘ಒಬ್ಬಳೇ ಬಾ’... ಇವೆಲ್ಲ ಅಪಾಯದ ಗಂಟೆ.

* ವಾಟ್ಸ್ಆ್ಯಪ್‌ನಲ್ಲಿ ‘ಬೋಲ್ಡ್’ ಫೋಟೊ ಕೇಳಿದರೆ ಕೊಡಲೇಬಾರದು. ಈಗಾಗಲೇ ಕಳಿಸಿ ಹೆದರಿದ್ದರೆ ಬೈಯಬೇಡಿ. ಮೆಸೇಜ್ ಅಳಿಸದೆ ಪೊಲೀಸರಿಗೆ ತೋರಿಸಿ.

* ಸಹಿ ಹಾಕುವ ಮುನ್ನ ಕರಾರುಪತ್ರವನ್ನು ಮನೆಗೆ ತಂದು, ತಿಳಿದವರಿಂದ ಓದಿಸಿ.

* ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಹದಿನೆಂಟರೊಳಗಿನವರಿಗೆ 1098, ತುರ್ತಿಗೆ 112 ಇದೆ.

ಇನ್ನು, ಆಸಕ್ತಿ ನಿಜವಾದದ್ದೇ? ಹಾಗಿದ್ದರೆ ದಾರಿ ತೋರಿಸಿ. ಕಾಲೇಜಿನ ನಾಟಕ ತಂಡ, ಊರಿನ ಹವ್ಯಾಸಿ ರಂಗತಂಡಗಳಿಂದ ಶುರು ಮಾಡಲಿ. ಡಿಗ್ರಿ ಮುಗಿದ ಮೇಲೂ ಹಠ ಇದ್ದರೆ ಹೆಗ್ಗೋಡಿನಲ್ಲಿ 1980ರಲ್ಲಿ ಆರಂಭವಾದ ನೀನಾಸಂ ರಂಗಶಿಕ್ಷಣ ಕೇಂದ್ರದಂಥ ಕಡೆ ವಿಚಾರಿಸಿ. ನಟನೆ ಮಾತ್ರವಲ್ಲ, ಮೇಕಪ್, ವಸ್ತ್ರವಿನ್ಯಾಸ, ಡಬ್ಬಿಂಗ್, ಎಡಿಟಿಂಗ್ ಕೂಡ ಇದೇ ಲೋಕದ ಕೆಲಸಗಳು. ಅಲ್ಲಿಯೂ ಹೆಣ್ಣುಮಕ್ಕಳು ದುಡಿಯುತ್ತಿದ್ದಾರೆ.

ಒಂದು ಲೆಕ್ಕ ಮಾತ್ರ ಈಗಲೇ ಹೇಳಿಕೊಡಿ. ಧಾರಾವಾಹಿಯಲ್ಲಿ ಸಾಮಾನ್ಯವಾಗಿ ಶೂಟಿಂಗ್ ಇದ್ದ ದಿನಕ್ಕಷ್ಟೇ ಸಂಭಾವನೆ. ಪಾತ್ರ ಮುಗಿದರೆ ಕೆಲಸವೂ ಮುಗಿಯಿತು. ಆದ್ದರಿಂದ ಓದು ಅರ್ಧಕ್ಕೆ ಬಿಡುವಂತಿಲ್ಲ. ಕೈಯಲ್ಲೊಂದು ಡಿಗ್ರಿ, ಅವಳ ಹೆಸರಲ್ಲೊಂದು ಬ್ಯಾಂಕ್ ಖಾತೆ ಇರಲಿ. ಆಗ ಇಷ್ಟವಿಲ್ಲದ ಪಾತ್ರಕ್ಕೆ, ಇಷ್ಟವಿಲ್ಲದ ಮಾತಿಗೆ ‘ಆಗಲ್ಲ’ ಎನ್ನುವ ಧೈರ್ಯ ತಾನಾಗಿ ಬರುತ್ತದೆ.